ಪರದೆಯ ನಡುವಿನ ಹೊಲಿಗೆ

ಕಳೆದ ತಿಂಗಳು ಮೂವತ್ತನೇ ತಾರೀಕು, ಮಧ್ಯಾಹ್ನ ಎರಡೂವರೆಯಿಂದ ಐದೂಕಾಲಿನವರೆಗೆ, ನಮ್ಮ ಆಫೀಸಿಗೆ ಸ್ಲೈಡು ಮಾಡಿಕೊಡುತ್ತಿದ್ದವರ ಬೀರುವಿನ ಚಾರ್ಜು ನಾನು ತೆಗೆದುಕೊಂಡೆ. ನಿವೃತ್ತರಾಗುವವರು ತಮ್ಮ ವಶದಲ್ಲಿರುವ ಸಾಮಾನನ್ನು ಎಣಿಸಿ ಒಪ್ಪಿಸಬೇಕು. ವಹಿಸಿಕೊಳ್ಳುವವರು ಮತ್ತೊಮ್ಮೆ ಎಣಿಸಿ ಸಹಿ ಹಾಕಬೇಕು. ಸ್ಲೈಡ್ ಪ್ರೊಜೆಕ್ಟರ್ ಒಂದು. ಬಲ್ಬು ಎರಡು, ಅದರಲ್ಲಿ ಒಂದು ಸುಟ್ಟದ್ದು. ಬಿಳಿ ಪರದೆ ಒಂದು. ಹದಿನಾಲ್ಕು ಪೆಟ್ಟಿಗೆಗಳಲ್ಲಿ ಸ್ಲೈಡು ಆರುನೂರ ಹನ್ನೆರಡು. ಅವರು ಎದುರಿಗೆ ಸ್ಟೂಲಿನ ಮೇಲೆ ಕೂತು ಒಂದೊಂದೇ ಪೆಟ್ಟಿಗೆಯನ್ನು ನನ್ನ ಕಡೆ ದೂಡುತ್ತಿದ್ದರು. ಒಂಬತ್ತನೆಯ ಪೆಟ್ಟಿಗೆಗೆ ಬಂದಾಗ ಮಾತ್ರ ಕೈ ಒಂದು ಕ್ಷಣ ತಡೆಯಿತು. ಅದರ ಮೇಲೆ ಅವರ ಅಕ್ಷರದಲ್ಲೇ ‘44’ ಎಂದಿತ್ತು.

ಆ ಪೆಟ್ಟಿಗೆಯ ವಿಷಯ ಬರೆಯಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಅವರ ವಿಷಯ ಹೇಳಬೇಕು.

ಅರವತ್ತೊಂಬತ್ತರ ಜೂನ್‌ನಲ್ಲಿ ನಾನು ಟೈಪಿಸ್ಟ್ ಆಗಿ ಸೇರಿದಾಗ ನಮ್ಮ ಆಫೀಸು ದೊಡ್ಡಬಳ್ಳಾಪುರದ ಒಂದು ಬಾಡಿಗೆ ಮನೆಯಲ್ಲಿತ್ತು. ಹಳ್ಳಿಗಳಿಗೆ ಹೋಗಿ ಸ್ಲೈಡು ತೋರಿಸಿ, ಬಾವಿ, ಶೌಚಾಲಯ, ಸಿಡುಬು ಬಾರದಂತೆ ದೇವಿ ಹಾಕಿಸುವುದು, ಮಹಿಳಾ ಮಂಡಲಿ, ಇಂಥವನ್ನು ಜನಕ್ಕೆ ವಿವರಿಸುವುದು ನಮ್ಮ ಕೆಲಸ. ಹಿಂದಿನ ಅಡುಗೆಮನೆಯೇ ಅವರ ಕೋಣೆ. ಒಲೆಕಟ್ಟೆಯ ಮೇಲೆ ಗಾಜಿನ ತುಂಡು, ಕಪ್ಪು ಕಾಗದ, ಅಂಟುಪಟ್ಟಿ. ಕಿವಿಯ ಹಿಂದೆ ಪೆನ್ಸಿಲು. ಮೊದಲ ದಿನ ಸಂಜೆ ನಾನು ಡೈರಿ ತೆಗೆದು ಬರೆಯುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ಏನಮ್ಮಾ ಅದು ಬರ್ಕೊಳ್ತಿರೋದು?"

"ಇವತ್ತು ಟೈಪ್ ಮಾಡಿದ ಹಾಳೆ ಸಾರ್. ಹತ್ತೊಂಬತ್ತು."

"ಕುಡಿದ ಕಾಫಿ?"

"ಎರಡು."

"ಸರಿಹೋಯ್ತು, ಲೆಕ್ಕದಮ್ಮ ಬಂದ್ಳು ಆಫೀಸಿಗೆ," ಎಂದರು. ಆವತ್ತಿನಿಂದ ಕೊನೆಯವರೆಗೂ ಅದೇ ನನ್ನ ಹೆಸರು.

ಈ ಕೆಲಸಕ್ಕೆ ಬರುವ ಮೊದಲು ಅವರು ಊರಿನಲ್ಲೇ ಇಪ್ಪತ್ತು ವರ್ಷ ಮಗ್ಗಕ್ಕೆ ನಕ್ಷೆ ಬರೆಯುತ್ತಿದ್ದರು. ಸೀರೆಯ ಅಂಚಿನಲ್ಲಿ ಹಂಸ ಬರಬೇಕೆಂದರೆ ಮೊದಲು ಅದನ್ನು ಚೌಕುಳಿ ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ಬರೆಯಬೇಕು. ಆಮೇಲೆ ಅದನ್ನು ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ, ರಟ್ಟನ್ನು ಮಗ್ಗಕ್ಕೆ ಕಟ್ಟುತ್ತಾರೆ. ಕೆಮ್ಮು ಹತ್ತಿ ಮಗ್ಗದ ಮನೆಗಳ ಸಹವಾಸ ಬಿಟ್ಟರು. ಚೌಕುಳಿಯನ್ನು ಬಿಡಲಿಲ್ಲ. ಯಾವ ಫೋಟೋ ಬಂದರೂ ಅದರ ಮೇಲೆ ಚೌಕ ಎಳೆದ ತೆಳುಕಾಗದ ಹಾಸಿ, ಒಂದು ಕಣ್ಣು ಮುಚ್ಚಿಕೊಂಡು, "ಒಕಟಿ, ರೆಂಡು, ಮೂಡು" ಎಂದು ಎಣಿಸುವರು. ಮನೆಮಾತು ತೆಲುಗು. ನಮ್ಮೊಡನೆ ಎಷ್ಟೇ ಕನ್ನಡ ಆಡಿದರೂ ಎಣಿಕೆ ಮಾತ್ರ ತೆಲುಗಿನಲ್ಲೇ. ಒಂದು ಕಣ್ಣು ಮುಚ್ಚಿ ನೋಡುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ನಮ್ಮ ಸಾಹೇಬರ ಮಗಳ ಮದುವೆಯಲ್ಲಿ ವಧೂವರರನ್ನೂ ಹಾಗೇ ನೋಡಿ, "ಹುಡುಗ ಮೂರು ಚೌಕ ಎತ್ತರ ಜಾಸ್ತಿ" ಎಂದಿದ್ದರು.

ಕಾಗದದ ಫೋಟೋ ಸ್ಲೈಡಾಗುವುದು ಹೀಗೆ. ಫೋಟೋವನ್ನು ಹಲಗೆಗೆ ಕಟ್ಟಿ, ಕ್ಯಾಮರಾದಿಂದ ಅದರ ಫೋಟೋ ತೆಗೆಯಬೇಕು. ಆ ನೆಗೆಟಿವ್‌ನಿಂದ ಫಿಲ್ಮಿನ ಮೇಲೇ ಇನ್ನೊಂದು ಪ್ರತಿ ಮಾಡಬೇಕು. ಅಂಚೆಚೀಟಿಯಷ್ಟಿರುವ ಆ ಫಿಲ್ಮನ್ನು ಎರಡು ಗಾಜಿನ ನಡುವೆ ಇಟ್ಟು, ಸುತ್ತ ಕಪ್ಪು ಕಾಗದದ ಚೌಕಟ್ಟು ಹಾಕಿ, ಅಂಚಿಗೆ ಪಟ್ಟಿ ಅಂಟಿಸಬೇಕು. ಒಂದು ಮೂಲೆಗೆ ಕೆಂಪು ಚುಕ್ಕಿ, ಯಾವುದು ಮೇಲೆ ಯಾವುದು ಕೆಳಗೆ ಎಂದು ಗೊತ್ತಾಗಲು. ಚೌಕಟ್ಟಿನ ನಡುವಿನ ಕಿಟಕಿ ಒಂದೇ ಅಳತೆ. ಬರುವ ಫೋಟೋಗಳು ಮಾತ್ರ ಒಂದೊಂದು ಒಂದೊಂದು ಆಕಾರ. ಎಲ್ಲ ಆಫೀಸುಗಳಲ್ಲೂ ಇದಕ್ಕೆ ಪರಿಹಾರ ಒಂದೇ ಇತ್ತು: ಕಿಟಕಿಗೆ ಹಿಡಿಸದ್ದನ್ನು ಕತ್ತರಿಸುವುದು.

ಅವರು ಕತ್ತರಿಸುತ್ತಿರಲಿಲ್ಲ. ಉದ್ದನೆಯ ಫೋಟೋ ಬಂದರೆ ಎರಡೂ ಪಕ್ಕಕ್ಕೆ ಕಪ್ಪು ಪಟ್ಟಿ. ಅಗಲ ಬಂದರೆ ಮೇಲೆ ಕೆಳಗೆ ಕಪ್ಪು ಪಟ್ಟಿ. ಒಮ್ಮೆ ಬಾವಿಗೆ ಜಾಗ ಕೊಟ್ಟ ಮುದುಕರೊಬ್ಬರ ಗುಂಡಗಿನ ಫೋಟೋ ಬಂದಾಗ, ನಾಲ್ಕಾಣೆ ಬಿಲ್ಲೆ ಇಟ್ಟು ಸುತ್ತ ಗೆರೆ ಎಳೆದು ಕಪ್ಪು ಕಾಗದದಲ್ಲಿ ಗುಂಡನೆಯ ಕಿಟಕಿಯನ್ನೇ ಮಾಡಿದರು. ಸಾಹೇಬರು ರೇಗಿದರು.

"ಏನ್ರೀ ಇದು, ಪರದೆ ತುಂಬ ಚಿತ್ರ ಬರ್ಬೇಕು. ಸುತ್ತ ಕಪ್ಪಗೆ ಬಿಟ್ರೆ ಹೆಂಗೆ ಕಾಣ್ತದೆ?"

"ಸೀರೆಗೆ ಅಂಚಿರಲ್ವಾ ಸಾರ್, ಹಂಗೆ."

"ಕಾಲು ಕತ್ರಿಸ್ರೀ, ಯಾರು ಕಾಲು ನೋಡ್ತಾರೆ?"

"ಅವ್ರು ಹೊಸ ಚಪ್ಪಲಿ ಹಾಕ್ಕೊಂಡು ಬಂದವ್ರೆ ಸಾರ್ ಫೋಟೋಕ್ಕೆ," ಎಂದು ಅವರು ಮೆತ್ತಗೆ ಹೇಳಿದರು. ಸಾಹೇಬರು ಫೋಟೋ ನೋಡಿದರು. ನಿಜವಾಗಿಯೂ ಹೊಸ ಚಪ್ಪಲಿ.

ಅವರ ಬಳಿ ಒಂದು ಬ್ಲೇಡಿತ್ತು. "ಇದು ಕಾಗದಕ್ಕೆ, ಪಟ್ಟಿಗೆ. ಜನಕ್ಕಲ್ಲ," ಎನ್ನುತ್ತಿದ್ದರು. "ಫೋಟೋದಲ್ಲಿ ನಿಂತೋರೆಲ್ಲ ಏನೋ ಅಂದ್ಕೊಂಡು ಬಂದು ನಿಂತಿರ್ತಾರೆ. ಇವ್ರು ಬೇಕು ಇವ್ರು ಬೇಡ ಅನ್ನೋಕೆ ನಾವ್ಯಾರಮ್ಮ?"

ಪರದೆಯನ್ನೂ ಅವರೇ ಮಾಡಿಸಿದ್ದರು. ಮೊದಲಿದ್ದದ್ದು ಸಿನಿಮಾ ಪರದೆಯ ಹಾಗೆ ಅಗಲ ಜಾಸ್ತಿ, ಎತ್ತರ ಕಡಿಮೆ. ನಿಂತವರ ಚಿತ್ರ ಹಾಕಿದರೆ ತಲೆ ಗೋಡೆಗೆ, ಪಾದ ನೆಲಕ್ಕೆ ಹೋಗುತ್ತಿತ್ತು. ಅವರು ಚೌಕನೆಯದು ಹೊಲಿಸಿದರು, ಎಂಟಡಿಗೆ ಎಂಟಡಿ. ಅಷ್ಟಗಲದ ಬಟ್ಟೆ ಸಿಗದೆ ಎರಡು ಪನ್ನ ಸೇರಿಸಿ ಹೊಲಿಸಬೇಕಾಯಿತು. ಹೊಲಿಗೆ ಸರಿಯಾಗಿ ನಡುವೆ, ಮೇಲಿಂದ ಕೆಳಕ್ಕೆ. ಅದೊಂದು ಅವರಿಗೆ ಕೊನೆಯವರೆಗೂ ಕಸಿವಿಸಿ. ಪ್ರತಿ ಪ್ರದರ್ಶನದಲ್ಲೂ ಪರದೆ ಕಟ್ಟಿ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, "ಥೂ, ಈ ಹೊಲಿಗೆ," ಎನ್ನುವರು. ನಾನು ಲೆಕ್ಕ ಇಟ್ಟಷ್ಟು ದಿನ ಎಪ್ಪತ್ತೊಂದು ಸಲ ಅಂದಿದ್ದಾರೆ.

ಎಪ್ಪತ್ತೆರಡರ ಜನವರಿಯಲ್ಲಿ ಮಹಿಳಾ ಮಂಡಲಿಗಳ ಬಗ್ಗೆ ಒಂದು ಪ್ರದರ್ಶನ ಸಿದ್ಧಪಡಿಸಲು ಸಾಹೇಬರು ಹೇಳಿದರು. ಡೈರಿಯಲ್ಲಿ ಬರೆದಿದ್ದೇನೆ: ಬಂದ ಫೋಟೋ ನಲವತ್ತೆರಡು. ಅಡ್ಡ ಹತ್ತೊಂಬತ್ತು, ಉದ್ದ ಹದಿಮೂರು, ಚೌಕ ಏಳು, ಗುಂಡು ಒಂದು, ಪಾಸ್‌ಪೋರ್ಟ್ ಸೈಜು ಒಂದು. ಇನ್ನೊಂದು ಮಾತ್ರ ಯಾವ ಲೆಕ್ಕಕ್ಕೂ ಸೇರದ್ದು. ಸಾಸಲಿನ ಕಡೆಯ ಒಂದು ಹಳ್ಳಿಯ ಮಂಡಲಿಗೆ ಹೊಲಿಗೆ ಯಂತ್ರ ಕೊಟ್ಟ ದಿನ ತೆಗೆದದ್ದು. ಹನ್ನೊಂದು ಹೆಂಗಸರು ಒಂದೇ ಸಾಲಿನಲ್ಲಿ ನಿಂತಿದ್ದರು. ಮೊಳದುದ್ದದ ಫೋಟೋ, ಎತ್ತರ ಒಂದು ಗೇಣೂ ಇಲ್ಲ. ಪ್ರತಿ ಬಂದದ್ದು ನಮ್ಮ ಆಫೀಸಿಗೆ ಒಂದೇ. ಹಳ್ಳಿಯವರು ಅದನ್ನು ಕಂಡಿರಲಿಲ್ಲ.

"ಪೂರ್ತಿ ಹಾಕಿದ್ರೆ ರಾಗಿಕಾಳಿನಂಗೆ ಕಾಣ್ತಾರೆ," ಎಂದರು ಅವರು.

"ನಡುವಿನ ನಾಲ್ಕು ಜನ ಸಾಕು ಬಿಡ್ರಿ, ಮಿಷಿನ್ನು ಕಂಡ್ರೆ ಆಯ್ತು," ಎಂದರು ಸಾಹೇಬರು.

ಅವರು ಫೋಟೋ ಎತ್ತಿಕೊಂಡು ಅಡುಗೆಮನೆಗೆ ಹೋದರು. ತೆಳುಕಾಗದ ಹಾಸಿ ಉದ್ದಕ್ಕೆ ಮೂವತ್ತಾರು ಚೌಕ ಎಣಿಸಿದರು. ಹನ್ನೆರಡಕ್ಕೊಂದು ಗೆರೆ, ಇಪ್ಪತ್ತನಾಲ್ಕಕ್ಕೊಂದು ಗೆರೆ. ಎಡದಿಂದ ಬಲಕ್ಕೆ ಒಂದಾದ ಮೇಲೊಂದು ಮೂರು ಸ್ಲೈಡು. ಹೀಗೆ ನಲವತ್ತೆರಡು ಫೋಟೋಕ್ಕೆ ನಲವತ್ತನಾಲ್ಕು ಸ್ಲೈಡಾಯಿತು.

ಪ್ರದರ್ಶನದ ವಿವರಣೆ ಓದುವವಳು ನಾನು. ಪ್ರತಿ ಸ್ಲೈಡಿನಲ್ಲಿ ಎಷ್ಟು ಜನ ಎಂದು ನನ್ನ ಕಾಗದದ ಅಂಚಿನಲ್ಲಿ ಬರೆದುಕೊಳ್ಳುವುದು ನನ್ನ ರೂಢಿ. ಈ ಮೂರಕ್ಕೆ ನಾಲ್ಕು, ನಾಲ್ಕು, ನಾಲ್ಕು ಎಂದು ಬಂತು. ಕೂಡಿದರೆ ಹನ್ನೆರಡು. ಇದ್ದವರು ಹನ್ನೊಂದು. ಎಣಿಸುವಾಗ ಎಡವಿದೆನೆಂದುಕೊಂಡು ಹನ್ನೆರಡನ್ನು ಹೊಡೆದು ಹನ್ನೊಂದು ಎಂದು ತಿದ್ದಿದೆ. ಆ ತಿದ್ದುಪಡಿ ಈಗಲೂ ಡೈರಿಯಲ್ಲಿದೆ.

ಫೆಬ್ರವರಿ ಒಂಬತ್ತು, ಬುಧವಾರ, ಆ ಹಳ್ಳಿಗೇ ಹೋದೆವು. ಹೆಂಗಸರಿಗೆ ಬಿಡುವಾಗುವುದು ಮಧ್ಯಾಹ್ನ, ಹಾಲು ಕರೆಯುವ ಹೊತ್ತಿಗೆ ಮುಂಚೆ. ಆದ್ದರಿಂದ ಹಗಲಲ್ಲೇ ಕತ್ತಲೆ ಮಾಡಬೇಕು. ರೇಷ್ಮೆಹುಳು ಸಾಕುವ ಮನೆಯೊಂದು ಆಗ ಖಾಲಿಯಿತ್ತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಕಿಟಕಿಗಳಿಗೆ ಗೋಣಿ ಹೊಡೆದು, ಬಾಗಿಲಿಗೆ ಕಂಬಳಿ ಕಟ್ಟಿ, ಪಂಪ್‌ಸೆಟ್ಟಿನಿಂದ ವೈರು ಎಳೆದೆವು. ಅವರು ಪರದೆ ಕಟ್ಟಿ "ಥೂ, ಈ ಹೊಲಿಗೆ," ಎಂದರು. ಅಷ್ಟರಲ್ಲಿ ಮಂಡಲಿಯ ಅಧ್ಯಕ್ಷೆ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು.

"ಮುಂದ್ಗಡೆ ಕಂಬದ ಹತ್ರ ಕೂತವ್ರಲ್ಲ, ಅವ್ರು ನಮ್ಮ ಜಯಮ್ಮನ ತಾಯಿ. ಜಯಮ್ಮ ನಮ್ಮ ಕಾರ್ಯದರ್ಶಿ. ಮಿಷಿನ್ನು ಬಂದ್ ದಿನ ಅವ್ಳೇ ಓಡಾಡಿದ್ದು. ಕಾರ್ತೀಕದಲ್ಲಿ ಬಾಣಂತನದಲ್ಲಿ ತೀರ್ಕೊಂಡ್ಬಿಟ್ಲು. ಆವತ್ತಿನ ಫೋಟೋ ಬಿಟ್ರೆ ಇನ್ನೊಂದು ಫೋಟೋ ಇಲ್ಲ ಅವ್ಳದ್ದು. ಆವತ್ತಿಂದ ಮನೆಬಿಟ್ಟು ಎಲ್ಲಿಗೂ ಬರ್ದಿದ್ದೋರು, ಇವತ್ತು ಹನ್ನೆರಡಕ್ಕೇ ಬಂದು ಕೂತವ್ರೆ."

ತಾಯಿಗೆ ಐವತ್ತರ ಆಸುಪಾಸು. ತೊಡೆಯ ಮೇಲೆ ಕೈಯಿಟ್ಟುಕೊಂಡು, ಇನ್ನೂ ಬೆಳಕು ಬೀಳದ ಪರದೆಯನ್ನೇ ನೋಡುತ್ತಿದ್ದರು.

ಮೂವತ್ತನಾಲ್ಕನೆಯ ಸ್ಲೈಡು ಬಂತು, ಆ ಸಾಲಿನ ಮೊದಲ ಭಾಗ. ಹೆಂಗಸರು ತಮ್ಮನ್ನು ತಾವು ಕಂಡು ನಗಾಡಿದರು. "ಅಯ್ಯೋ ನಿಂಗಮ್ಮಾ, ಬಾಯಿ ಮುಚ್ಕೊಳ್ಳೆ, ಸೊಳ್ಳೆ ಹೋದಾತು!" ಆ ನಗೆಯ ನಡುವೆ ಯಾರೋ, "ಅದು ಜಯಮ್ಮನ ಕೈ ಕಣೇ," ಎಂದರು. ನಗೆ ನಿಂತಿತು. ಪರದೆಯ ಬಲ ಅಂಚಿನಲ್ಲಿ ಒಂದು ತೋಳು, ಬಳೆ, ಅರ್ಧ ಮುಖ.

ಅವರು ಮುಂದಿನದನ್ನು ದೂಡಿದರು. ಎಡ ಅಂಚಿನಲ್ಲಿ ಇನ್ನೊಂದು ತೋಳು, ಉಳಿದರ್ಧ ಮುಖ.

"ಎಲ್ಲಿ?" ಎಂದರು ತಾಯಿ. "ನನ್ ಮಗ್ಳೆಲ್ಲಿ? ಒಂದ್ಸಲ ಆ ಕಡೆ ಹೋಗ್ತಾಳೆ, ಒಂದ್ಸಲ ಈ ಕಡೆ ಹೋಗ್ತಾಳೆ. ಪೂರ್ತಿ ತೋರ್ಸಿ ಅಣ್ಣಾ."

ಅವರು ಹಿಂದಿನದನ್ನು ಮತ್ತೆ ಹಾಕಿದರು. ಮತ್ತೆ ಮುಂದಿನದು. ಪ್ರೊಜೆಕ್ಟರ್ ಬದಿಯಿಂದ ಸೋರುವ ಬೆಳಕಿನಲ್ಲಿ ಅವರ ಮುಖ ಕಂಡಿತು. ನನ್ನ ಹನ್ನೆರಡು ಎಲ್ಲಿಂದ ಬಂದಿತ್ತೆಂದು ನನಗಾಗ ಹೊಳೆಯಿತು. ನಾಲ್ಕನೆಯವಳನ್ನು ನಾನು ಎರಡು ಸಲ ಎಣಿಸಿದ್ದೆ. ಪರದೆಯ ಮೇಲೆ ಅವಳು ಒಂದು ಸಲವೂ ಇರಲಿಲ್ಲ.

ಅವರು ದೀಪ ಆರಿಸಿ, "ಆ ಕಿಟಕಿ ಗೋಣಿ ಸ್ವಲ್ಪ ಎತ್ತಿ," ಎಂದರು. ಬೆಳಕು ಬಿದ್ದ ಕಡೆ ನೆಲದ ಮೇಲೆ ಕೂತು ತಗಡಿನ ಡಬ್ಬಿ ತೆರೆದರು. ಎರಡು ಸ್ಲೈಡಿನ ಪಟ್ಟಿ ಬಿಚ್ಚಿ, ಗಾಜಿನ ನಡುವಿನಿಂದ ಫಿಲ್ಮು ತೆಗೆದರು. ಬ್ಲೇಡನ್ನು ಪಂಚೆಗೆ ಒರೆಸಿದರು. ಒಂದು ಫಿಲ್ಮಿನಲ್ಲಿ ಎರಡನೆಯ ಮತ್ತು ಮೂರನೆಯ ಹೆಂಗಸರ ನಡುವೆ, ಇನ್ನೊಂದರಲ್ಲಿ ಐದನೆಯ ಮತ್ತು ಆರನೆಯವರ ನಡುವೆ ಅಲಗಿಟ್ಟರು. ಇಡೀ ಏಳು ವರ್ಷದಲ್ಲಿ ಅವರು ಚಿತ್ರದ ಮೇಲೆ ಬ್ಲೇಡಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ತುಟಿ ಅಲ್ಲಾಡುತ್ತಿತ್ತು, ತೆಲುಗಿನಲ್ಲಿ.

"ಬಲ್ಬ್ ಹೋಯ್ತಾ ಗುರು?" ಎಂದು ಬಾಗಿಲ ಕಂಬಳಿ ಸರಿಸಿ ಯಾವನೋ ಕೇಳಿದ.

"ಸುಮ್ನಿರ್ಲಾ," ಎಂದರು ಅಧ್ಯಕ್ಷೆ.

ಒಂದರ ಬಲಭಾಗ, ಇನ್ನೊಂದರ ಎಡಭಾಗ. ಎರಡನ್ನೂ ಅಂಚಿಗಂಚು ತಾಗಿಸಿ, ಡಬ್ಬಿಯಲ್ಲಿದ್ದ ಹೊಸ ಗಾಜಿನ ನಡುವೆ ಇಟ್ಟು, ಪಟ್ಟಿ ಸುತ್ತಿ, ಮೂಲೆಗೆ ಕೆಂಪು ಚುಕ್ಕಿ ಇಟ್ಟರು. ಉಳಿದ ಎರಡು ತುಂಡುಗಳನ್ನೂ ಬಿಸಾಡಲಿಲ್ಲ. ಕಪ್ಪು ಕಾಗದದಿಂದ ಕಿಟಕಿಯನ್ನು ಸಣ್ಣದು ಮಾಡಿ, ಹಳೆಯ ಗಾಜುಗಳಲ್ಲೇ ಕಟ್ಟಿಟ್ಟರು. ಮೂರು ಇಪ್ಪತ್ತರಿಂದ ಮೂರು ಮೂವತ್ತೊಂದರವರೆಗೆ, ಹನ್ನೊಂದು ನಿಮಿಷ. ಅಷ್ಟು ಹೊತ್ತೂ ಆ ಮನೆಯಲ್ಲಿ ಒಂದು ಮಗು ಕೂಡ ಅಳಲಿಲ್ಲ.

ಗೋಣಿ ಇಳಿಯಿತು. ದೀಪ ಹತ್ತಿತು. ಪರದೆಯ ಮೇಲೆ ಮೂವರು ಹೆಂಗಸರು. ನಡುವಿನವಳ ಹಣೆಯಿಂದ ಕೆಳಕ್ಕೆ ಕೂದಲೆಳೆಯಂಥ ಒಂದು ಗೆರೆ. ಅವರು ಪ್ರೊಜೆಕ್ಟರ್ ಇಟ್ಟಿದ್ದ ಸ್ಟೂಲನ್ನು ಎರಡು ಬೆರಳಿನಿಂದ ಒಂದಿಷ್ಟು ಎಡಕ್ಕೆ ಸರಿಸಿದರು, ಮತ್ತೆ ಒಂದಿಷ್ಟು. ಚಿತ್ರದ ಗೆರೆ ಹೋಗಿ ಪರದೆಯ ಹೊಲಿಗೆಯ ಮೇಲೆ ಕೂತಿತು. ಅಲ್ಲಿಗೆ ಗೆರೆ ಎನ್ನುವುದೇ ಇಲ್ಲವಾಯಿತು. ಇದ್ದದ್ದು ಬಟ್ಟೆಯ ಹೊಲಿಗೆ, ಅದರ ಮೇಲೆ ಇಡಿಯಾಗಿ ನಿಂತ ಜಯಮ್ಮ. ಯಂತ್ರದ ಕಡೆಗೆ ಕತ್ತು ತಿರುಗಿಸಿ, ನಗು ತಡೆದುಕೊಂಡು.

"ಬಂದ್ಳು," ಎಂದರು ತಾಯಿ.

ಆಮೇಲೆ, "ತಿರುಗಿಸ್ಬೇಡ ಅಣ್ಣಾ. ಇರ್ಲಿ."

ನಮ್ಮ ಪ್ರೊಜೆಕ್ಟರಿನ ಫ್ಯಾನು ಕೆಟ್ಟು ಎರಡು ವರ್ಷವಾಗಿತ್ತು. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಬಲ್ಬಿನ ಕಾವಿಗೆ ಫಿಲ್ಮು ಮುದುಡುತ್ತದೆ. ಅವರು ನನ್ನ ಕೈಯಿಂದ ವಿವರಣೆಯ ಕಾಗದಗಳನ್ನು ಕಿತ್ತುಕೊಂಡು ಬೀಸಣಿಗೆಯ ಹಾಗೆ ಬೀಸತೊಡಗಿದರು. ಆರು ನಿಮಿಷ ಬೀಸಿದರು. ನನಗೆ ಓದಲು ಏನೂ ಇರಲಿಲ್ಲ, ಓದಬೇಕೆಂದೂ ಅನ್ನಿಸಲಿಲ್ಲ.

ಎಲ್ಲ ಮುಗಿದು ನಾವು ವೈರು ಸುತ್ತುವಾಗ ತಾಯಿ ಬಂದು ನಿಂತರು.

"ಅದನ್ನ ನಂಗೆ ಕೊಡ್ತೀಯಾ ಅಣ್ಣಾ?"

"ದೊಡ್ಡದಾಗಿ ಕಾಗದದ ಮೇಲೆ ಮಾಡ್ಸಿ, ಫ್ರೇಮ್ ಹಾಕ್ಸಿ ತಂದ್ಕೊಡ್ತೀನಿ ತಾಯಿ. ಎಂಟೇ ದಿನ."

ಆಕೆ ತಲೆಯಾಡಿಸಿದರು. "ಅದು ಬೇಡ. ಗೋಡೆಗೆ ಹಾಕಿದ್ರೆ ಹೂ ಹಾಕ್ಬೇಕಾಗ್ತದೆ. ಬಂದೋರೆಲ್ಲ ಕೈ ಮುಗೀತಾರೆ. ನನ್ ಮಗ್ಳಿಗೆ ನಾನು ಕೈ ಮುಗಿಯಲ್ಲ. ಇದಾದ್ರೆ ಸುಮ್ನೆ ನೋಡ್ಬೋದು, ಎತ್ತಿಟ್ಕೋಬೋದು."

ಅವರು ಸ್ಲೈಡನ್ನು ಆಕೆಯ ಕೈಯಲ್ಲಿಟ್ಟು, ಬಾಗಿಲ ಬಳಿ ಕರೆದೊಯ್ದು, ಹೇಗೆ ಹಿಡಿಯಬೇಕೆಂದು ತೋರಿಸಿದರು. "ಕೆಂಪು ಚುಕ್ಕಿ ಕೆಳಗೆ ಎಡಕ್ಕೆ ಬರ್ಬೇಕು. ನೇರ ಬಿಸ್ಲಿಗೆ ಬೇಡ, ನೆರಳಲ್ಲಿ ನಿಂತು ಆಕಾಶದ ಕಡೆ ಹಿಡೀಬೇಕು. ಗಾಜು, ಜೋಪಾನ."

ವಾಪಸು ಜೀಪಿನಲ್ಲಿ, ತೂಬಗೆರೆ ಕ್ರಾಸು ದಾಟಿದ ಮೇಲೆ ಅವರು ಮಾತಾಡಿದರು.

"ಇಪ್ಪತ್ತು ವರ್ಷ ನಕ್ಷೆ ಬರೆದ ಕೈ ಕಣಮ್ಮ ಇದು. ಕಾಗದದ ಈ ಅಂಚಲ್ಲಿ ಅರ್ಧ ಹಂಸ, ಆ ಅಂಚಲ್ಲಿ ಅರ್ಧ ಹಂಸ ಬಿಡ್ತೀವಿ. ನೇಯ್ತಾ ನೇಯ್ತಾ ತಾನೇ ಕೂಡ್ಕೊಳ್ತದೆ. ಗೆರೆ ಆ ಹುಡುಗಿ ಮೇಲೆ ಬಿದ್ದಿದ್ದು ನಂಗೆ ಗೊತ್ತಿತ್ತು. ಮುಂದಿನದ್ರಲ್ಲಿ ಕೂಡ್ಕೊಳ್ತದೆ ಅಂತ ಬಿಟ್ಟೆ. ಹಂಸಕ್ಕೆ ಆಗ್ತದೆ. ಜನಕ್ಕೆ ಆಗಲ್ಲ."

ನಾನು ನನ್ನ ಹನ್ನೆರಡರ ವಿಷಯ ಹೇಳಿದೆ. ಅವರು ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದರು.

"ಹನ್ನೆರಡು ಬಂದಿತ್ತಾ? ಬಂದ್ಮೇಲೆ ಯಾಕೆ ತಿದ್ದಿದೆ?"

"ನಂದೇ ತಪ್ಪು ಅಂದ್ಕೊಂಡೆ ಸಾರ್."

"ಇನ್ಮೇಲೆ ಲೆಕ್ಕ ಸರಿಹೋಗ್ದಿದ್ರೆ ನನ್ನನ್ನ ಕೇಳು. ನೀನೇ ತಿದ್ಕೋಬೇಡ."

ಅಂದಿನಿಂದ ಗಾಜು ಮುಚ್ಚುವ ಮೊದಲು ನನ್ನನ್ನು ಅಡುಗೆಮನೆಗೆ ಕರೆಯುವರು. ನಾನು ಜನರನ್ನು ಎಣಿಸಿ ಹೇಳಬೇಕು. ಅವರು ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಆ ಸಂಖ್ಯೆ ಬರೆದು ಆಮೇಲೆ ಅಂಟಿಸುವರು. ನನ್ನ ಎಣಿಕೆಗೆ ಆಫೀಸಿನಲ್ಲಿ ಬೇರೆ ಯಾರೂ ಅಷ್ಟು ಬೆಲೆ ಕೊಟ್ಟಿರಲಿಲ್ಲ.

ಆ ದಿನ ಪ್ರವಾಸದ ಪುಸ್ತಕದಲ್ಲಿ ‘ಹೋದ ಸ್ಲೈಡು 44’ ಎಂದು ನಾನೇ ಬರೆದಿದ್ದೆ. ಎರಡನ್ನು ಕತ್ತರಿಸಿ ಮೂರು ಮಾಡಿದ್ದರಿಂದ ಅದು ನಲವತ್ತೈದಾಗಿತ್ತು. ಒಂದನ್ನು ಕೊಟ್ಟು ಬಂದಿದ್ದರಿಂದ ಮತ್ತೆ ನಲವತ್ತನಾಲ್ಕಾಯಿತು. ‘ಬಂದ ಸ್ಲೈಡು’ ಎನ್ನುವ ಕಡೆ ಏನು ಬರೆಯಲಿ ಎಂದು ಕೇಳಿದೆ.

"ಎಣಿಸಿ ಬರಿಯಮ್ಮ. ಲೆಕ್ಕದಮ್ಮ ಅಲ್ವಾ ನೀನು," ಎಂದರು.

ಎಣಿಸಿದೆ. ನಲವತ್ತನಾಲ್ಕಿತ್ತು. ಹಾಗೇ ಬರೆದೆ. ಮುಂದಿನ ವಾರ ಅವರು ಫೋಟೋವನ್ನು ಮತ್ತೆ ಹಲಗೆಗೆ ಕಟ್ಟಿ, ಆ ಎರಡು ಗಾಜುಗಳಲ್ಲಿದ್ದ ತುಂಡು ತೆಗೆದು ಹೊಸ ಫಿಲ್ಮು ಹಾಕಿಟ್ಟರು, ಈ ಸಲ ಗೆರೆ ನಾಲ್ಕನೆಯ ಮತ್ತು ಐದನೆಯವರ ನಡುವೆ.

ಎಪ್ಪತ್ತನಾಲ್ಕರ ಮಾರ್ಚಿನಲ್ಲಿ ಬೇರೆ ಕೆಲಸಕ್ಕೆ ಆ ಹಳ್ಳಿಗೆ ಹೋಗಿದ್ದೆ. ತಾಯಿ ಗುರುತು ಹಿಡಿದು ಮಜ್ಜಿಗೆ ಕೊಟ್ಟರು. ಎಲೆ ಅಡಿಕೆ ಡಬ್ಬಿ ತೆರೆದು, ಅಡಿಕೆಗಿಂತ ಮೊದಲು ರೇಷ್ಮೆ ಬಟ್ಟೆಯ ತುಂಡೊಂದನ್ನು ಬಿಚ್ಚಿದರು. ಹೊಸ್ತಿಲ ಒಳಗೆ, ನೆರಳಿನಲ್ಲೇ ನಿಂತು, ಚುಕ್ಕಿ ಕೆಳಗೆ ಎಡಕ್ಕೆ ಬರುವಂತೆ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ನೋಡಿದರು. ಆ ಕಣ್ಣು ಮುಚ್ಚುವುದನ್ನು ಯಾರಿಂದ ಕಲಿತರೆಂದು ನಾನು ಕೇಳಬೇಕಿರಲಿಲ್ಲ.

ಇದನ್ನೆಲ್ಲ ನೆನೆಯುತ್ತ ಮೊನ್ನೆ ಒಂಬತ್ತನೆಯ ಪೆಟ್ಟಿಗೆ ಎಣಿಸಿದೆ. ಅವರು ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು.

"ಸರಿಹೋಯ್ತಾ?"

"ನಲವತ್ತನಾಲ್ಕು ಸಾರ್. ಸರಿಯಿದೆ."

ಅವರು ಹತ್ತನೆಯ ಪೆಟ್ಟಿಗೆ ದೂಡಿದರು.

ಐದೂಕಾಲಿಗೆ ನಾನು ಸಹಿ ಹಾಕಿದೆ, ಅವರು ಸಹಿ ಹಾಕಿದರು. ಕಿವಿಯ ಹಿಂದಿನ ಪೆನ್ಸಿಲು ತೆಗೆದು ನನ್ನ ಮೇಜಿನ ಮೇಲಿಟ್ಟು, "ಇದು ಚಾರ್ಜು ಪಟ್ಟೀಲಿಲ್ಲ," ಎಂದು ನಕ್ಕು, ಕೆಮ್ಮಿಕೊಂಡು ಬೀದಿಗಿಳಿದರು.

ಮನೆಗೆ ಬಂದು ಆ ಪೆನ್ಸಿಲಿನಲ್ಲೇ ಡೈರಿ ಬರೆದೆ. ಪಟ್ಟಿಯಲ್ಲಿ ಇದ್ದದ್ದು ಆರುನೂರ ಹನ್ನೆರಡು. ಅವರು ಮಾಡಿದ್ದು ಆರುನೂರ ಹದಿಮೂರು. ಉಳಿದ ಒಂದು ಜಯಮ್ಮನ ತಾಯಿಯ ವಶದಲ್ಲಿ. ಸುಸ್ಥಿತಿಯಲ್ಲಿದೆ.